ಅಜ್ಜನ ನಡಿಗೆಗೆ ಸೊನ್ನೆ

ಆರನೆಯ ತರಗತಿಯಲ್ಲಿ ಓದುವ ಮೊಮ್ಮಗಳ ಇಂಗ್ಲಿಷ್ ಉತ್ತರಪತ್ರಿಕೆಗೆ ಮನೆಯವರ ಸಹಿ ಬೇಕಾಗಿತ್ತು. ಮಗನೂ ಸೊಸೆಯೂ ಊರಲ್ಲಿರಲಿಲ್ಲವಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಮುದುಕನೊಬ್ಬ ಸಂತೆಗೆ ಹೇಗೆ ಹೋದನೆಂದು ಬಿಟ್ಟ ಸ್ಥಳ ತುಂಬಲು ಸ್ಟ್ರೋಲ್, ಸ್ಟ್ರೈಡ್, ಮಾರ್ಚ್, ಟ್ರಜ್ ಎಂಬ ನಾಲ್ಕು ಪದಗಳನ್ನು ಕೊಟ್ಟಿದ್ದರು. ಹುಡುಗಿ ಸ್ಟ್ರೋಲ್ ಎಂದು ಬರೆದಿದ್ದಳು. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಟ್ರಜ್ ಎಂದು ತಿದ್ದಿ, ಪಕ್ಕದಲ್ಲಿ ದುಂಡಗೆ ಸೊನ್ನೆ ಸುತ್ತಿದ್ದರು. ಯಾಕೆ ಹಾಗೆ ಬರೆದೆಯೆಂದು ಕೇಳಿದೆ.

"ನೀವು ಹಂಗೇ ಅಲ್ವಾ ಅಜ್ಜ ಹೋಗೋದು?" ಎಂದಳು.

ಅಂದರೆ ಸೊನ್ನೆ ಬಿದ್ದದ್ದು ನನ್ನ ಕಾಲಿಗೆ.

ಮುದುಕನಾದವನು ಕಾಲೆಳೆದುಕೊಂಡೇ ಹೋಗಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ದಿನಾ ಸಂಜೆ ರತ್ನಗಿರಿ ಬೋರೆಯ ಕಡೆ ಹೊರಡುವಾಗ ನಾನು "ಸ್ವಲ್ಪ ಕಾಲಾಡಿಸಿಕೊಂಡು ಬರ್ತೀನಿ" ಎನ್ನುತ್ತೇನೆ. ಕಾಲಾಡಿಸುವುದಕ್ಕೂ ಸ್ಟ್ರೋಲಿಗೂ ಕೂದಲೆಳೆಯಷ್ಟು ಅಂತರವಿದ್ದರೆ ಹೆಚ್ಚು. ನಾವು ನಡೆ ಎಂಬ ಒಂದೇ ಮಾತಿನ ಹಿಂದೆ ಬಿರಬಿರನೆ, ಸರಸರನೆ, ಮೆಲ್ಲಗೆ ಎಂದು ಬೇಕಾದ್ದನ್ನು ಹಚ್ಚಿಕೊಳ್ಳುತ್ತೇವೆ. ಇಂಗ್ಲಿಷಿನವರು ಅದನ್ನೆಲ್ಲ ಕ್ರಿಯಾಪದದ ಹೊಟ್ಟೆಯೊಳಗಿಟ್ಟೇ ಹೊಲಿದುಬಿಟ್ಟಿದ್ದಾರೆ. ಟ್ರಜ್ ಎಂದೊಡನೆ ನಡಿಗೆಯ ಜೊತೆಗೆ ದಣಿವು, ಬೇಸರ, ಹೊರೆ, ಕೆಸರು ಎಲ್ಲವೂ ಬಂದು ಕೂರುತ್ತವೆ. ಪ್ಲಾಡ್ ಎಂದರೂ ಭಾರದ ಹೆಜ್ಜೆಯೇ. ಆದರೆ ಅದರಲ್ಲಿ ನೊಗಕ್ಕೆ ಒಗ್ಗಿದ ಎತ್ತಿನ ಹಟವಿದೆ. ಮುದುಕನನ್ನು ಕಣ್ಣಿಂದ ನೋಡದೆ ಇಷ್ಟೆಲ್ಲ ಅವನ ಮೇಲೆ ಹೊರಿಸುವುದು ಯಾವ ನ್ಯಾಯ?

ಸಿಟ್ಟು ಇಳಿಯಲಿಲ್ಲ. ರಾತ್ರಿ ಊಟವಾದ ಮೇಲೆ ನಿಘಂಟು ಹಿಡಿದು ಕುಳಿತೆ. ಈಗ ಇಷ್ಟು ಮರ್ಯಾದಸ್ಥವಾಗಿ ಕಾಣುವ ಸ್ಟ್ರೋಲ್, ನಾನೂರು ವರ್ಷಗಳ ಹಿಂದೆ ಮನೆಮಠವಿಲ್ಲದೆ ಅಲೆಯುವವರ ಬಗ್ಗೆ ಆಡುವ ಮಾತಾಗಿತ್ತು. ಆಂಬಲ್ ಎಂಬುದು ಕುದುರೆಯ ಸುಖವಾದ ನಡಿಗೆ. ಒಂದೇ ಪಕ್ಕದ ಎರಡು ಕಾಲುಗಳನ್ನು ಅದು ಜೊತೆಯಾಗಿ ಎತ್ತಿಡುತ್ತದೆ. ಇದರ ಲ್ಯಾಟಿನ್ ಬೇರಿನಿಂದಲೇ ಫ್ರೆಂಚರ ಸಂಚಾರಿ ಆಸ್ಪತ್ರೆಯ ದಾರಿಯಾಗಿ ಆಂಬ್ಯುಲೆನ್ಸ್ ಬಂದಿದೆ. ನಡೆಯಲಾಗದವನನ್ನು ಹೊರುವ ಗಾಡಿಗೆ ನಡಿಗೆಯ ಹೆಸರು!

ಆಮೇಲೆ ಟ್ರೆಕ್ ಸಿಕ್ಕಿತು; ಅಲ್ಲಿಗೆ ನನ್ನ ನಿದ್ದೆ ಹೋಯಿತು. ಶನಿವಾರ ಬಂತೆಂದರೆ ನಮ್ಮ ಚಿಕ್ಕಮಗಳೂರಿನಲ್ಲಿ ಈ ಪದ ಕಿವಿಗೆ ಬೀಳದೆ ಒಂದು ಕಾಫಿ ಕುಡಿಯುವಂತಿಲ್ಲ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ, ಕರ್ನಾಟಕದಲ್ಲೇ ಅತಿ ಎತ್ತರದ ಶಿಖರ, ನಿಜ. ಆದರೆ ಆ ಎತ್ತರದ ಬಹುಪಾಲನ್ನು ಗಾಡಿಯಲ್ಲಿ ಕುಳಿತು ಏರಿ, ಕೊನೆಯ ಮೆಟ್ಟಿಲುಗಳನ್ನು ಮಾತ್ರ ಹತ್ತಿ, ಮೇಲೆ ಫೋಟೋ ತೆಗೆಸಿಕೊಂಡು ಇಳಿದವರೂ "ಟ್ರೆಕ್ ಮಾಡಿದೆವು" ಎನ್ನುತ್ತಾರೆ. ಸರ್ಪದಾರಿಯಲ್ಲಿ ಹುಲ್ಲು ಹಿಡಿದು, ಬೆವರು ಸುರಿಸಿ ಹತ್ತಿದವರಿಗೂ ಅದೇ ಪದ. ಇದನ್ನು ನಾನು ವರ್ಷಗಳಿಂದ ಹಲ್ಲು ಕಚ್ಚಿ ಸಹಿಸಿಕೊಂಡಿದ್ದೇನೆ. ನಿಘಂಟಾದರೂ ನನ್ನ ಪರ ನಿಲ್ಲುತ್ತದೆಂದುಕೊಂಡರೆ, ಟ್ರೆಕ್ ಎಂದರೆ ಡಚ್ಚರ ಮಾತಿನಲ್ಲಿ ಎಳೆಯುವುದಂತೆ! 1830ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಡಚ್ ಮೂಲದ ರೈತರು ಕೇಪ್ ವಸಾಹತನ್ನು ಬಿಟ್ಟು ಎತ್ತಿನ ಗಾಡಿಗಳಲ್ಲಿ ಸಂಸಾರ ಹೇರಿಕೊಂಡು ಒಳನಾಡಿಗೆ ಹೋದದ್ದೇ ಮಹಾ ಟ್ರೆಕ್. ಎಳೆಯುವ ಕಷ್ಟ ಎತ್ತಿನದು. ಹಾಗೆ ನೋಡಿದರೆ ಮೂಲಾರ್ಥಕ್ಕೆ ನಿಷ್ಠರಾಗಿರುವವರು ಜೀಪಿನಲ್ಲಿ ಕುಳಿತವರೇ. ನಿಘಂಟನ್ನು ಮುಚ್ಚಿಟ್ಟೆ.

ಮರುದಿನ ಉತ್ತರಪತ್ರಿಕೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಅಲೆಮಾರಿಗಳಿಂದ ಹಿಡಿದು ಕುದುರೆಯವರೆಗೆ ವಾದವನ್ನೆಲ್ಲ ಜೋಡಿಸಿಕೊಂಡು ಶಾಲೆಗೆ ಹೋದೆ. ಶಿಕ್ಷಕಿಯ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಮೊದಲ ಮಹಡಿಯನ್ನು ನಾನು ಏರಿದ್ದು ನಿಸ್ಸಂದೇಹವಾಗಿ ಸ್ಟ್ರೈಡ್. ದಾಪುಗಾಲು ಎಂದರೆ ದಾಪುಗಾಲೇ. ಎರಡನೆಯದರಲ್ಲಿ ಕಂಬಿ ಕೈಗೆ ಬಂತು. ಮೂರನೆಯದನ್ನು ಏರುವಾಗ ಒಂದು ಕೈ ಮೊಣಕಾಲಿನ ಮೇಲಿತ್ತು, ಬಾಯಿ ತೆರೆದಿತ್ತು, ತಕ್ಕ ಪದ ಹುಡುಕುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಬಾಗಿಲಲ್ಲೇ ನಿಂತು ನೋಡುತ್ತಿದ್ದ ಶಿಕ್ಷಕಿ ಓಡಿಬಂದು ಕುರ್ಚಿ ಎಳೆದರು. "ನಿಧಾನ ಸಾರ್, ಕೂತ್ಕೊಳ್ಳಿ. ನೀರು ತರ್ಲಾ? ಏನ್ ವಿಷಯ?"

"ಏನಿಲ್ಲಮ್ಮಾ, ಸಹಿ ಹಾಕಿದ್ದೆ, ಕೊಟ್ಟು ಹೋಗೋಣ ಅಂತ ಬಂದೆ" ಎಂದೆ.