ನಲವತ್ತು ಎಕರೆ, ಒಂದು ಉತಾರ

ಅಮೆರಿಕದ ಸೌತ್ ಕ್ಯಾರೊಲೈನಾ ರಾಜ್ಯದ ಚಾರ್ಲ್‌ಸ್ಟನ್ನಿಗೆ ಬಂದು ನೆಲೆಸಿ ಹದಿಮೂರು ವರ್ಷವಾಯಿತು. ಊರಿಂದ ಯಾರೇ ಬರಲಿ, ಸಮುದ್ರದ ದಂಡೆ ಮುಗಿದ ಮೇಲೆ ಅವರನ್ನು ಕರೆದೊಯ್ಯುವ ಎರಡನೇ ಜಾಗ ಪ್ಲಾಂಟೇಶನ್, ಅಂದರೆ ಹಳೆಯ ಕಾಲದ ದೊಡ್ಡ ಜಮೀನ್ದಾರರ ತೋಟ. ಹಳೆಯ ಓಕ್ ಮರಗಳ ಸಾಲು, ಕೊಂಬೆಗಳಿಂದ ಜಡೆ ಬಿಟ್ಟ ಹಾಗೆ ಇಳಿಬಿದ್ದ ಬೂದು ಬಣ್ಣದ ಬಿಳಲು, ಕೊನೆಯಲ್ಲಿ ಬಿಳಿ ಕಂಬಗಳ ದೊಡ್ಡ ಮನೆ. ಇಂಥ ಕೆಲವು ಮನೆಗಳನ್ನು ಈಗ ಮದುವೆಗೂ ಬಾಡಿಗೆ ಕೊಡುತ್ತಾರೆ. ಹೋದ ವರ್ಷ ನಮ್ಮ ಕನ್ನಡ ಕೂಟದ ಗೆಳೆಯರೊಬ್ಬರು ಮಗಳ ಮದುವೆಗೆಂದು ಒಂದನ್ನು ನೋಡಿ ಬಂದು, "ಅರಮನೆ ಮೈದಾನಕ್ಕಿಂತ ಚೆನ್ನಾಗಿದೆ ಕಣ್ರೀ" ಎಂದರು. ಮನೆಯ ಹಿಂದೆ ಸಾಲಾಗಿ ಸಣ್ಣ ಕೋಣೆಗಳಿದ್ದವಲ್ಲ, ನೋಡಿದಿರಾ ಎಂದು ಕೇಳಿದೆ. "ಅದಾ? ಸ್ಟೋರ್ ರೂಮ್ ಇರಬೇಕು."

ಸ್ಟೋರ್ ರೂಮ್ ಅಲ್ಲ. ಒಂದೊಂದು ಕೋಣೆಯಲ್ಲಿ ಗುಲಾಮರ ಒಂದೊಂದು ಸಂಸಾರ ಇತ್ತು. ಗೆಳೆಯರು ತಪ್ಪಾಗಿ ತಿಳಿದರೆಂದು ದೂರಲು ನನಗೆ ಬಾಯಿಲ್ಲ. ನಾನೂ ಮೊದಲ ಐದಾರು ವರ್ಷ ಆ ಮರಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಂಡವನೇ.

1860ರ ಜನಗಣತಿಯ ಹೊತ್ತಿಗೆ ಸೌತ್ ಕ್ಯಾರೊಲೈನಾದ ಸುಮಾರು 7 ಲಕ್ಷ ಜನರಲ್ಲಿ 4 ಲಕ್ಷ ಜನ ಗುಲಾಮರು. ಅಂದರೆ ಈ ರಾಜ್ಯದಲ್ಲಿ ಗುಲಾಮರೇ ಬಹುಸಂಖ್ಯಾತರು. ಇಡೀ ದೇಶದಲ್ಲಿ ಅವರ ಸಂಖ್ಯೆ 39 ಲಕ್ಷ ದಾಟಿತ್ತು. ಆ ವರ್ಷದ ಡಿಸೆಂಬರ್ 20ರಂದು ಇದೇ ಊರಿನಲ್ಲಿ ಸಭೆ ಸೇರಿ ರಾಜ್ಯ ಒಕ್ಕೂಟದಿಂದ ಹೊರಬಂತು. ಮುಂದೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿಗಾಗಿ ಅಲ್ಲ ಅನ್ನುವವರು ಇವತ್ತಿಗೂ ಇಲ್ಲಿ ಸಿಗುತ್ತಾರೆ. ಅವರಿಗೆ ನಾನು ಕೊಡುವ ಉತ್ತರ ಒಂದೇ: ಹೊರಬರಲು ಕಾರಣವೇನೆಂದು ನಿಮ್ಮವರೇ ಬರೆದಿಟ್ಟ ಕಾಗದ ಓದಿ. ಗುಲಾಮಗಿರಿ ಎಂಬ ಮಾತನ್ನು ಅದರಲ್ಲಿ ಯಾರೂ ಮುಚ್ಚಿಟ್ಟಿಲ್ಲ. 1861ರ ಏಪ್ರಿಲ್ 12ರ ನಸುಕಿನಲ್ಲಿ ಬಂದರಿನ ಬಾಯಲ್ಲಿರುವ ಫೋರ್ಟ್ ಸಮ್ಟರ್ ಮೇಲೆ ಫಿರಂಗಿ ಹಾರಿತು. ನಾಲ್ಕು ವರ್ಷದಲ್ಲಿ ಆರೇಳು ಲಕ್ಷ ಸೈನಿಕರು ಸತ್ತರು. ಕಾಳಗದ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಕಾಡುವುದು ಅದರ ಮುಂದಿನ ಕಥೆ.

ಅದಕ್ಕೂ ಮೊದಲು ನಮ್ಮ ಪಾಲಿನ ಒಂದು ಮಾತು. ನಾನು ಹುಟ್ಟಿದ್ದು ನವಲಗುಂದ ತಾಲ್ಲೂಕಿನ ಎರಿ ಭೂಮಿಯಲ್ಲಿ, ಹತ್ತಿ ಬೆಳೆಯುವ ಮನೆತನದಲ್ಲಿ. 1840ರ ದಶಕದಲ್ಲೇ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತಿ ಬೆಳೆಗಾರರನ್ನು ಕರೆಸಿತ್ತು. ಅವರಲ್ಲಿ ಕೆಲವರು ಧಾರವಾಡಕ್ಕೂ ಬಂದಿದ್ದರು. ಅವರ ಬೀಜ ನಮ್ಮ ಮಣ್ಣಿಗೆ ಒಗ್ಗಿತು, ಮಾರುಕಟ್ಟೆಯಲ್ಲಿ 'ಧಾರವಾಡ-ಅಮೆರಿಕನ್' ಎಂಬ ಹೆಸರೇ ಬಿತ್ತು. ಇಲ್ಲಿ ಯುದ್ಧ ಶುರುವಾಗಿ, ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಕಟ್ಟಿಹಾಕಿದಾಗ ಲ್ಯಾಂಕಶೈರ್‌ನ ಗಿರಣಿಗಳು ಅರಳೆಯಿಲ್ಲದೆ ನಿಂತವು, ನಮ್ಮ ಹತ್ತಿಯ ದರ ಕಂಡು ಕೇಳರಿಯದ ಹಾಗೆ ಏರಿತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರಲ್ಲೂ ಕಾರವಾರ ಬಂದರಿನಿಂದ ಈ ಹತ್ತಿ ಸಾಗಿಸುವ ಲೆಕ್ಕಾಚಾರ ಇತ್ತು. 1865ರಲ್ಲಿ ಯುದ್ಧ ನಿಂತಿತು, ದರ ಕುಸಿಯಿತು, ಏರಿದ ದರ ನಂಬಿ ಸಾಲ ಮಾಡಿದವರ ಹೊಲ ಸಾವಕಾರರ ಪಾಲಾಯಿತು. ಇಲ್ಲಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ನಮ್ಮೂರಿನವರಿಗೆ ಹೇಳಿದರೂ ಅಷ್ಟೇ.

ಈಗ ಮುಂದಿನ ಕಥೆ. 1865ರ ಜನವರಿ 12ರಂದು ಸವಾನಾ ಊರಿನಲ್ಲಿ ಉತ್ತರದ ಸೇನೆಯ ಜನರಲ್ ಶರ್ಮನ್ ಇಪ್ಪತ್ತು ಮಂದಿ ಕರಿಯ ಪಾದ್ರಿಗಳನ್ನು ಕರೆಸಿ, ನಿಮ್ಮ ಜನಕ್ಕೆ ಏನು ಬೇಕು ಎಂದು ಕೇಳಿದ. ಅವರ ಪರವಾಗಿ ಮಾತಾಡಿದವರು ಗ್ಯಾರಿಸನ್ ಫ್ರೇಜರ್ ಎಂಬ 67 ವರ್ಷದ ಹಿರಿಯರು. ತಮ್ಮ ಮತ್ತು ಹೆಂಡತಿಯ ಬಿಡುಗಡೆಯನ್ನು ಸಾವಿರ ಡಾಲರ್ ಕೊಟ್ಟು ತಾವೇ ಕೊಂಡವರು. ನಮಗೆ ಭೂಮಿ ಬೇಕು, ನಾವೇ ದುಡಿದು ಉಳುತ್ತೇವೆ ಎಂದರು. ನಾಲ್ಕೇ ದಿನಕ್ಕೆ ಆದೇಶ ಹೊರಟಿತು: ಚಾರ್ಲ್‌ಸ್ಟನ್ನಿನಿಂದ ದಕ್ಷಿಣಕ್ಕೆ ಫ್ಲಾರಿಡಾದವರೆಗೆ ದ್ವೀಪಗಳು ಮತ್ತು ಕರಾವಳಿಯ ಒಳಗಿನ ಮೂವತ್ತು ಮೈಲಿ, ಸಂಸಾರಕ್ಕೆ ನಲವತ್ತು ಎಕರೆ ಮೀರದಂತೆ. 'ನಲವತ್ತು ಎಕರೆ, ಒಂದು ಹೇಸರಗತ್ತೆ' ಎಂದು ಇಲ್ಲಿನವರು ಹೇಳುವುದುಂಟು, ಹೇಸರಗತ್ತೆಯ ಮಾತು ಆಮೇಲೆ ಸೇರಿಕೊಂಡದ್ದು. ಸುಮಾರು ನಲವತ್ತು ಸಾವಿರ ಜನ ಹೋಗಿ ನೆಲೆಯೂರಿದರು, ಬಿತ್ತಿದರು. ಬೆಳೆ ಮನೆಗೆ ಬರುವ ಹೊತ್ತಿಗೆ ಲಿಂಕನ್ ಇರಲಿಲ್ಲ. ಆತನ ಜಾಗಕ್ಕೆ ಬಂದ ಆಂಡ್ರ್ಯೂ ಜಾನ್ಸನ್ ಹಳೆಯ ಮಾಲೀಕರಿಗೆ ಕ್ಷಮೆ ಕೊಟ್ಟ, ಕ್ಷಮೆಯ ಜೊತೆಗೆ ಹೊಲವನ್ನೂ ಕೊಟ್ಟ.

ಈ ಸುದ್ದಿ ಮುಟ್ಟಿಸಲು ಆ ಅಕ್ಟೋಬರಿನಲ್ಲಿ ಎಡಿಸ್ಟೊ ದ್ವೀಪಕ್ಕೆ ಬಂದವರು ಉತ್ತರದ ಸೇನೆಯವರೇ ಆದ ಜನರಲ್ ಹಾವರ್ಡ್, ಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ನಮ್ಮ ಮನೆಯಿಂದ ಎಡಿಸ್ಟೊಗೆ ಒಂದು ಗಂಟೆಯ ದಾರಿ. ಇಂಗ್ಲೆಂಡಿನ ಗಿರಣಿಗಳು ಹೆಚ್ಚಿನ ದರ ಕೊಟ್ಟು ಕೊಳ್ಳುತ್ತಿದ್ದ ಉದ್ದ ಎಳೆಯ ಹತ್ತಿ ಅಲ್ಲಿ ಬೆಳೆಯುತ್ತಿತ್ತು. ಚರ್ಚಿನಲ್ಲಿ ಜನ ಕಿಕ್ಕಿರಿದಿದ್ದರು. ಅವರ ಮುಖ ನೋಡಿ ಹಾವರ್ಡ್‌ಗೆ ಮಾತು ಹೊರಡಲಿಲ್ಲ. ಹೆಂಗಸೊಬ್ಬಳು ದುಃಖದ ಹಾಡು ತೆಗೆದಳು, ಎಲ್ಲರೂ ದನಿಗೂಡಿಸಿದರು. ಆಮೇಲೆ ಅವರು ಹಾವರ್ಡ್‌ಗೆ ಬರೆದ ಪತ್ರವೊಂದಿದೆ. ಹಳೆಯ ಮಾಲೀಕರನ್ನು ಕ್ಷಮಿಸಿ ಅನ್ನುತ್ತೀರಿ. ನೀವು ಕಳೆದುಕೊಂಡದ್ದು ಬಲಗೈ ಮಾತ್ರ, ನೀವು ಕ್ಷಮಿಸಿಯೀರಿ. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನು, ನನ್ನ ತಾಯಿಯನ್ನೂ ತಂಗಿಯನ್ನೂ ಬೆತ್ತಲೆ ಮಾಡಿ ಥಳಿಸಿದವನು, ಅವನ ಹೊಲ ಬಿತ್ತಿ ಅವನು ಕೊಟ್ಟಷ್ಟಕ್ಕೆ ತೃಪ್ತಿಪಡದಿದ್ದರೆ ಅವನ ಖಾಲಿ ಗುಡಿಸಿಲಿನಲ್ಲೂ ಇರಗೊಡದವನು, ಅಂಥವನನ್ನು ನಾನು ಹೇಗೆ ಕ್ಷಮಿಸಲಿ? ಪತ್ರದ ಸಾರ ಇಷ್ಟು. ಆ ಖಾಲಿ ಗುಡಿಸಿಲಿನ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಹೊಲ ಇಲ್ಲದವರು ಏನು ಮಾಡಬೇಕು? ಅದೇ ದೊರೆಯ ಹೊಲವನ್ನು ಪಾಲಿಗೆ ಹಿಡಿದರು. ಬೀಜ, ಕಾಳುಕಡಿ, ಬಟ್ಟೆ ಎಲ್ಲ ಅಂಗಡಿಯವನ ಉದ್ದರಿ. ಬೆಳೆ ಬಂದ ಮೇಲೆ ಲೆಕ್ಕ. ಲೆಕ್ಕ ಬರೆಯುವವನು ಅವನೇ, ಓದುವವನೂ ಅವನೇ. ನಮ್ಮ ಕಡೆ ಅಡತಿ ಅಂಗಡಿಯ ಮೆಟ್ಟಿಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಆಳಿನ ಕರಾರು ಯುಗಾದಿಯಿಂದ ಯುಗಾದಿಗೆ, ಇಲ್ಲಿ ಜನವರಿಯಿಂದ ಡಿಸೆಂಬರಿಗೆ. ಪಂಚಾಂಗ ಬೇರೆ, ಬಾಕಿ ಒಂದೇ.

ಎಲ್ಲವೂ ಸೋತಿತೆಂದರೆ ಸುಳ್ಳಾಗುತ್ತದೆ. ಯುದ್ಧ ಮುಗಿದ ಮೇಲಿನ ಹತ್ತು ಹನ್ನೆರಡು ವರ್ಷ ಈ ರಾಜ್ಯದಲ್ಲಿ ನಡೆದದ್ದನ್ನು ಓದಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. 1868ರ ಸಂವಿಧಾನ ಬಣ್ಣ ನೋಡದೆ ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆ ಅಂದಿತು. ಶಾಸನಸಭೆಯ ಕೆಳಮನೆಯಲ್ಲಿ ಕರಿಯರದೇ ಬಹುಮತ. ರಾಬರ್ಟ್ ಸ್ಮಾಲ್ಸ್ ಅಂತ ಒಬ್ಬರಿದ್ದರು. 1862ರಲ್ಲಿ, 23ನೇ ವಯಸ್ಸಿನಲ್ಲಿ, ಕ್ಯಾಪ್ಟನ್ನನ ಟೋಪಿ ಹಾಕಿಕೊಂಡು, ಕೋಟೆಗಳಿಗೆಲ್ಲ ಸರಿಯಾದ ಸಿಳ್ಳೆ ಕೊಟ್ಟು, ದಕ್ಷಿಣದವರ ಹಡಗನ್ನೇ ಚಾರ್ಲ್‌ಸ್ಟನ್ ಬಂದರಿನಿಂದ ಎತ್ತಿಕೊಂಡು ಹೋಗಿ ಉತ್ತರದವರಿಗೆ ಒಪ್ಪಿಸಿದ ಗಟ್ಟಿಗ. ಹೆಂಡತಿ ಮಕ್ಕಳೂ ಅದರಲ್ಲೇ ಇದ್ದರು. ಮುಂದೆ ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ಆರಿಸಿ ಹೋದರು. ಬ್ಯೂಫರ್ಟ್ ಊರಿನಲ್ಲಿ ತಾವು ಗುಲಾಮರಾಗಿ ಹುಟ್ಟಿದ್ದ ಮನೆ ಕಂದಾಯ ಬಾಕಿಗೆ ಹರಾಜಾದಾಗ ಅದನ್ನು ಕೊಂಡು ಅಲ್ಲೇ ಸಂಸಾರ ಹೂಡಿದರು. ಮನೆ ಇನ್ನೂ ಇದೆ. ಬಂಧುಗಳು ಬಂದರೆ ಈಗ ನಾನು ತೋರಿಸುವುದು ಅದನ್ನೇ. ಫೋಟೋಕ್ಕೆ ಓಕ್ ಮರ ಅಲ್ಲೂ ಇವೆ, ಕೊರತೆಯಿಲ್ಲ.

1876ರ ಚುನಾವಣೆಯಲ್ಲಿ ಕೆಂಪಂಗಿ ತೊಟ್ಟ ಬಂದೂಕಿನ ಗುಂಪುಗಳು ಬೀದಿಗಿಳಿದವು. 1877ರಲ್ಲಿ ದೆಹಲಿ ದೂರ ಅನ್ನುವ ಹಾಗೆ ವಾಷಿಂಗ್ಟನ್ ಕರಿಯರನ್ನು ಕೈಬಿಟ್ಟಿತು. 1895ರ ಹೊಸ ಸಂವಿಧಾನ ಕರಿಯರ ಮತವನ್ನೇ ಕಿತ್ತುಕೊಂಡಿತು. ಆ ಸಭೆಯಲ್ಲೂ ಸ್ಮಾಲ್ಸ್ ಎದ್ದು ನಿಂತು, ನನ್ನ ಜನಕ್ಕೆ ವಿಶೇಷ ವಕಾಲತ್ತು ಬೇಡ, ಸಮಾನ ಅವಕಾಶ ಒಂದಿದ್ದರೆ ಸಾಕು ಎಂದರು. ಅವರ ಮಾತು ಸಭೆಗೆ ನಾಟಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ, ಸೇಂಟ್ ಹೆಲೆನಾ ದ್ವೀಪದ ಗಲ್ಲಾ ಜನ, ಅಂದರೆ ಈ ಕರಾವಳಿಯ ದ್ವೀಪಗಳಲ್ಲಿ ಗುಲಾಮರಾಗಿದ್ದವರ ಸಂತತಿ. ಯುದ್ಧದ ಕಾಲದಲ್ಲೇ ಅವರ ಮುತ್ತಜ್ಜನ ಅಪ್ಪ ಕಂದಾಯ ಹರಾಜಿನಲ್ಲಿ ಹತ್ತು ಎಕರೆ ಕೊಂಡಿದ್ದರಂತೆ. ಹರಾಜಿನಲ್ಲಿ ಕೊಂಡವರ ಕೈಯಲ್ಲಿ ಪಕ್ಕಾ ಕಾಗದ ಇತ್ತು, ಆದ್ದರಿಂದ ಜಾನ್ಸನ್‌ಗೆ ಅದನ್ನು ಕಿತ್ತುಕೊಳ್ಳಲು ಆಗಲಿಲ್ಲ. ಒಂದು ಭಾನುವಾರ ಮನೆಗೆ ಕರೆದು, ಸೀಗಡಿ ಅನ್ನ ಬಡಿಸಿ, ಊಟದ ಮೇಜಿನ ಮೇಲೆಯೇ ಒಂದು ದಪ್ಪ ಫೈಲು ಬಿಚ್ಚಿದರು. ತೆರಿಗೆ ರಸೀತಿಗಳು. ಅಜ್ಜನ ಕಾಲದವು ಅಂಚು ಹರಿದು ಹಳದಿಯಾಗಿದ್ದವು. ಆದರೆ ಜಮೀನು ಇವತ್ತಿಗೂ ಆ ಮೊದಲ ಅಜ್ಜನ ಹೆಸರಿನಲ್ಲೇ. ವಿಲ್ ಬರೆಯಲು ವಕೀಲರ ಬಳಿ ಹೋಗುವ ಕಾಲ ಅದಲ್ಲ. ವಕೀಲರೂ ಕೋರ್ಟೂ ಯಾರ ಕಡೆ ಎಂದು ಅವರಿಗೆ ಗೊತ್ತಿತ್ತು. ಈಗ ಅರವತ್ತಕ್ಕೂ ಹೆಚ್ಚು ವಾರಸುದಾರರು. ಕೆಲವರು ಡೆಟ್ರಾಯಿಟ್, ಕೆಲವರು ನ್ಯೂಯಾರ್ಕ್. ಅವರಲ್ಲಿ ಯಾರೋ ಒಬ್ಬರ ಪಾಲನ್ನು ಬಿಲ್ಡರ್ ಕೊಂಡರೆ ಸಾಕು, ಕೋರ್ಟಿಗೆ ಹೋಗಿ ಇಡೀ ಹೊಲವನ್ನು ಹರಾಜಿಗೆ ಹಾಕಿಸಬಹುದಿತ್ತು. ರಿಸಾರ್ಟುಗಳು ಎದ್ದಿರುವ ಎಷ್ಟೋ ನೆಲ ಹೀಗೇ ಕೈ ಬಿಟ್ಟದ್ದು. 2016ರಲ್ಲಿ ರಾಜ್ಯ ಇದಕ್ಕೊಂದು ತಡೆ ಕಾಯ್ದೆ ಮಾಡಿತು, ಮಾರುವ ಮೊದಲು ಉಳಿದ ವಾರಸುದಾರರಿಗೆ ಕೊಳ್ಳುವ ಅವಕಾಶ ಕೊಡಬೇಕೆಂದು. ಆ ಕಾಯ್ದೆಗೆ ಕ್ಲೆಮೆಂಟಾ ಪಿಂಕ್ನಿ ಹೆಸರಿದೆ. 2015ರ ಜೂನಿನಲ್ಲಿ ನಮ್ಮೂರಿನ ಇಮ್ಯಾನ್ಯುಯಲ್ ಚರ್ಚಿನಲ್ಲಿ ಗುಂಡಿಗೆ ಬಲಿಯಾದ ಒಂಬತ್ತು ಜನರಲ್ಲಿ ಅವರೂ ಒಬ್ಬರು.

ಫೈಲು ನೋಡಿ ನಾನು, "ನಮ್ಮಲ್ಲಿ ಇದಕ್ಕೆ ವಾರಸಾ ಅಂತೀವಿ. ಅಪ್ಪ ಸತ್ತ ಮೇಲೆ ಉತಾರದಲ್ಲಿ ಮಕ್ಕಳ ಹೆಸರು ಏರಿಸಲೇಬೇಕು" ಎಂದೆ. ಪಹಣಿಗೆ ನಮ್ಮ ಕಡೆ ಉತಾರ ಅನ್ನುತ್ತೇವೆ. ಅವರು ಆ ಪದವನ್ನು ಎರಡು ಸಲ ಹೇಳಿ ನೋಡಿದರು.

ಹೆಮ್ಮೆಯಿಂದ ಇನ್ನೊಂದಿಷ್ಟು ಹೇಳಿದೆ ಕೂಡ. 1974ರಲ್ಲಿ ದೇವರಾಜ ಅರಸರು ಉಳುವವನೇ ಹೊಲದೊಡೆಯ ಎಂದಾಗ ಒಂದು ಹನಿ ರಕ್ತ ಹರಿಸುವ ಯುದ್ಧ ನಡೆಯಲಿಲ್ಲ. ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ, ಅಲ್ಲಿ ವಕೀಲರು ವಾದಿಸುವ ಹಾಗಿರಲಿಲ್ಲ, ಗೇಣಿದಾರನೇ ನಿಂತು ಹೇಳಬೇಕು. 1978ರಲ್ಲಿ ಇನ್ನೊಂದು ಕಾಯ್ದೆ: ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನನ್ನು ಅನುಮತಿ ಇಲ್ಲದೆ ಯಾರೂ ಕೊಳ್ಳುವ ಹಾಗಿಲ್ಲ. ಭೂಮಿ ಕೊಡುವುದೊಂದು, ಕೊಟ್ಟದ್ದು ಜಾರದಂತೆ ಬೇಲಿ ಹಾಕುವುದು ಇನ್ನೊಂದು. ಅಮೆರಿಕ ಎರಡನ್ನೂ ಮಾಡಲಿಲ್ಲ, ನಾವು ಅಷ್ಟಿಷ್ಟಾದರೂ ಮಾಡಿದೆವು ಅನ್ನುವುದು ನನ್ನ ಲೆಕ್ಕ.

ಹಿರಿಯರು ಎಲ್ಲ ಕೇಳಿ, "ಗೇಣಿ ಕೂಡ ಇಲ್ಲದೆ ಬರೀ ದುಡಿಯುತ್ತಿದ್ದವರಿಗೆ?" ಎಂದರು.

ನಮ್ಮ ಮನೆಯಲ್ಲಿ ಅಂಥವರೊಬ್ಬರಿದ್ದರು. ಅವರ ಅಪ್ಪ ಮಾಡಿದ ಸಾಲಕ್ಕೆ ಇವರು ಜೀತ. 1976ರಲ್ಲಿ ಕಾಯ್ದೆಯಾಗಿ ಜೀತ ಹೋಯಿತು. ಇವರು ಮಾತ್ರ ನಾನು ಹೈಸ್ಕೂಲು ಮುಗಿಸುವವರೆಗೂ ನಮ್ಮ ದನದ ಕೊಟ್ಟಿಗೆಯಲ್ಲೇ ಇದ್ದರು, ಹೆಸರು ಮಾತ್ರ 'ಸಂಬಳದ ಆಳು' ಅಂತಾಯಿತು. ಗ್ವಾದಲಿಯ ಮೇಲಿನ ಗೂಡಿನಲ್ಲಿ ಅವರ ಜರ್ಮನ್ ತಾಟು, ಸೊಟ್ಟಾದ ಲೋಟ. ನಮ್ಮಪ್ಪನಿಗಿಂತ ಹಿರಿಯರು. ನಾನು, ಏಳು ವರ್ಷದ ಹುಡುಗ, ಅವರನ್ನು ಹೆಸರು ಹಿಡಿದು "ಬಾರೋ, ಹೋಗೋ" ಅನ್ನುತ್ತಿದ್ದೆ. ಬೇರೆ ಮನೆಗಳ ಹಿರಿಯರೆಲ್ಲ ನನಗೆ ಕಾಕಾ, ಮಾಮಾ. ಇಲ್ಲಿಯೂ ಬಿಳಿಯರ ಮಕ್ಕಳು ಮುದುಕರಾದ ಕರಿಯರನ್ನು ಹೆಸರು ಹಿಡಿದೇ ಕೂಗುತ್ತಿದ್ದರು, ಮಿಸ್ಟರ್ ಎಂಬ ಪದ ಅವರಿಗೆ ಸಲ್ಲುತ್ತಿರಲಿಲ್ಲ ಎಂದು ಓದಿದ ದಿನ ಪುಸ್ತಕ ಮುಚ್ಚಿಟ್ಟಿದ್ದೆ. ಈಗ ಬರೆಯುವಾಗ 'ಅವರು' ಅನ್ನುತ್ತಿದ್ದೇನೆ, ಎದುರಿಗೆ ಒಮ್ಮೆಯೂ ಅಂದಿಲ್ಲ.

ಇಲ್ಲಿ ಕೊನೆಗೂ ಒಂದಿಷ್ಟು ಕಣ್ಣಿಗೆ ಬೀಳುತ್ತದೆ. ದಕ್ಷಿಣದವರ ಬಾವುಟ 2015ರಲ್ಲಿ ವಿಧಾನಸಭೆಯ ಅಂಗಳದಿಂದ ಇಳಿಯಿತು. ಆಫ್ರಿಕಾದಿಂದ ತಂದವರನ್ನು ಇಳಿಸುತ್ತಿದ್ದ ಗ್ಯಾಡ್ಸ್‌ಡೆನ್ ಕಟ್ಟೆಯ ಮೇಲೆ 2023ರಲ್ಲಿ ಮ್ಯೂಸಿಯಂ ತೆರೆಯಿತು. ನಮ್ಮ ವಾಡೆಗಳ ಮುಂದೆ ಜೀತದವರ ಹೆಸರಿನ ಒಂದು ಕಲ್ಲು ನಾನು ನೋಡಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಹೊತ್ತು, ಅಣ್ಣ ಚಹಾ ಕುಡಿಯುತ್ತಿದ್ದ. ಭೂಸುಧಾರಣೆ ಕಾಯ್ದೆಯಲ್ಲಿ ಆಳುಗಳಿಗೆ ತಾವು ವಾಸವಿದ್ದ ಮನೆ ಜಾಗಕ್ಕೆ ಅರ್ಜಿ ಹಾಕುವ ಹಕ್ಕು ಇತ್ತು; ನಮ್ಮ ಹೊಲದ ಬದುವಿನಲ್ಲಿ ನಮ್ಮ ಕೊಟ್ಟಿಗೆಯಲ್ಲಿದ್ದವರ ಸಂಸಾರದ ಮನೆ ಇದೆ, ಈಗ ಅವರ ಮಗ ಅಲ್ಲಿದ್ದಾನೆ. ಅರ್ಜಿ ಹಾಕಿದ್ದರಾ ಎಂದು ಕೇಳಿದೆ.

"ಯಾರು ಹಾಕ್ತಾರ? ಅವರಿಗೆ ಯಾರು ಹೇಳ್ಯಾರ?" ಅಂದ. "ಉತಾರ ಇನ್ನೂ ಅಪ್ಪನ ಹೆಸರ್ಲೆನ ಐತಿ. ವಾರಸಾ ಸೈತ ಆಗಿಲ್ಲ. ನಿಂದು ಸಹಿ ಬೇಕು, ಅಕ್ಕಂದೂ ಬೇಕು. ಮೊದಲ ನೀ ಬಾ."

ಡಿಸೆಂಬರಿಗೆ ಟಿಕೆಟ್ ಮಾಡಿದ್ದೇನೆ. ಅಕ್ಕನಿಗೆ ಇನ್ನೂ ಹೇಳಿಲ್ಲ.