ಮಣ್ಣಿಗೂ ಬರ್ತ್ ಸರ್ಟಿಫಿಕೇಟ್

ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ ಮಣ್ಣಿನ ದಿಬ್ಬದ ಮೇಲೆ ನಿಂತ ಹಳೇ ಕೋಟೆ ಗೋಪುರ ಕ್ಲಿಫರ್ಡ್ಸ್ ಟವರ್. ಅದರ ರಗಳೆ ಕೇಳಿ. ದಿಬ್ಬ ಕಾಯಬೇಕಾದ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯೇ ಆ ದಿಬ್ಬದ ಬುಡ ಕೊರೆದು ಟಿಕೆಟ್ ಕೌಂಟರು, ಅಂಗಡಿ ಕಟ್ಟಲು ಹೊರಟಿತ್ತು. 2016ರಲ್ಲಿ ನಗರಸಭೆಯೂ ಹೂಂ ಅಂದಿತ್ತು.

ದಿಬ್ಬ ಅಂದರೆ ಸುಮ್ನೆ ಅಲ್ಲ. 1068ರಲ್ಲಿ ನಾರ್ಮನ್ ದೊರೆ ವಿಲಿಯಂ ಊರಿನವರನ್ನು ಹದ್ದುಬಸ್ತಿನಲ್ಲಿಡಲು ಮಣ್ಣು ಒಟ್ಟಿಸಿ ಮೇಲೆ ಮರದ ಕೋಟೆ ಕಟ್ಟಿಸಿದ ಜಾಗ. ಕಲ್ಲಿನ ಗೋಪುರ ಬಂದಿದ್ದು 13ನೇ ಶತಮಾನದಲ್ಲಿ. ಇದಕ್ಕೆ ಕಾನೂನಿನ ಕಾವಲಿದೆ. ನೀವು ಗುದ್ದಲಿ ಹಿಡಿದು ಹೋದರೆ ಕೇಸು. ನಕ್ಷೆ ಹಿಡಿದು ಜೆಸಿಬಿ ತಂದರೆ ಅಭಿವೃದ್ಧಿ. (ಜೆಸಿಬಿಯೂ ಅವರ ದೇಶದ್ದೇ ಬಿಡಿ.)

ಸಂಸ್ಥೆಯ ವಾದ ಕೇಳಿ. ಕೊರೆಯುವ ಭಾಗದ ಮಣ್ಣು ಹಳೇದಲ್ಲವಂತೆ. ಹಿಂದೆ ಜೈಲು ಕಟ್ಟುವಾಗ ಬುಡ ಕಡಿದು ಗೋಡೆ ಹಾಕಿದ್ದರು. 1935ರಲ್ಲಿ ಜೈಲು ಕೆಡವಿ ಮತ್ತೆ ಮಣ್ಣು ತುಂಬಿದರು. ಹಾಗಾಗಿ ಅದು ಹೊಸ ಮಣ್ಣು! ಅಜ್ಜಿಗೆ ಹಲ್ಲಿನ ಸೆಟ್ ಹಾಕಿಸಿದ್ದು ಮೊನ್ನೆ ತಾನೇ, ಕಿತ್ತುಕೊಂಡರೆ ಅಜ್ಜಿಗೇನು ನಷ್ಟ ಅಂದ ಹಾಗಾಯಿತು.

ಈ ಗೋಪುರಕ್ಕೆ ಇಂಥ ಕಾವಲುಗಾರರು ಹೊಸಬರೇನಲ್ಲ. 1596ರಲ್ಲಿ ರಾಬರ್ಟ್ ರೆಡ್‌ಹೆಡ್ ಎಂಬ ಜೈಲರು ಇದರ ಕಲ್ಲನ್ನೇ ಗುಟ್ಟಾಗಿ ಕಿತ್ತು ಸುಣ್ಣದ ಗೂಡಿಗೆ ಮಾರುತ್ತಿದ್ದ. ಪಾಪ, ಯೋಜನಾ ವರದಿ ಬರೆಯಲು ಅವನಿಗೆ ಯಾರೂ ಹೇಳಿಕೊಡಲಿಲ್ಲ. ಮುಂದಿನ ಶತಮಾನದಲ್ಲಿ ಊರಿನವರೇ ಗೋಪುರಕ್ಕೆ ‘ಮಿನ್ಸ್ ಪೈ’ (ಹೂರಣ ತುಂಬಿದ ಒಂದು ತಿಂಡಿ) ಎಂದು ಹೆಸರಿಟ್ಟು, ಅದು ಉರುಳಲಿ ಎಂದು ಹಾರೈಸಿ ಹೆಂಡ ಕುಡಿಯುತ್ತಿದ್ದರಂತೆ. 1684ರಲ್ಲಿ ಬೆಂಕಿ ಬಿದ್ದು, ಸಿಡಿದು ಚಾವಣಿ ಹಾರಿಹೋಯಿತು. ಹಾರೈಕೆ ಫಲಿಸಿತು ಅನ್ನಿ.

ನಗುತ್ತಾ ಬರೆದೆ. ಆದರೆ 1190ರ ಮಾರ್ಚಿನಲ್ಲಿ ಇದೇ ದಿಬ್ಬದ ಮೇಲಿನ ಮರದ ಗೋಪುರದಲ್ಲಿ ಊರಿನ ಸುಮಾರು 150 ಯಹೂದಿಗಳು ಸತ್ತರು. ಹೊರಗೆ ಕೊಲ್ಲಲು ಗುಂಪು ನಿಂತಿತ್ತು. ಹೆಚ್ಚಿನವರು ತಾವೇ ಪ್ರಾಣ ಬಿಟ್ಟರು. ಜೀವ ಉಳಿಸುತ್ತೇವೆ ಎಂಬ ಮಾತು ನಂಬಿ ಹೊರಬಂದವರನ್ನೂ ಬಿಡಲಿಲ್ಲ. ಆಮೇಲೆ ಗುಂಪು ನೇರ ಹೋಗಿ ಸುಟ್ಟಿದ್ದು ಯಹೂದಿಗಳಿಗೆ ತೀರಿಸಬೇಕಿದ್ದ ಸಾಲದ ಪತ್ರಗಳನ್ನು. ಆ ಸಾವಿನ ಕಾಲಬುಡದಲ್ಲಿ ಗಿಫ್ಟ್ ಶಾಪ್ ಬೇಡ ಅನ್ನೋದಕ್ಕೆ ಕೋರ್ಟಿಗೆ ಹೋಗಬೇಕಾ? ಇಷ್ಟನ್ನೂ ಬಿಡಿಸಿ ಹೇಳಬೇಕಾ?

2018ರಲ್ಲಿ ಸಂಸ್ಥೆ ಕೊನೆಗೂ ಯೋಜನೆ ಕೈಬಿಟ್ಟಿತು. ಅಂಗಡಿಗೆ ಜಾಗ ಬೇಕಿದ್ದರೆ ದಿಬ್ಬದ ಪಕ್ಕದಲ್ಲೇ ಅಷ್ಟಗಲ ಕಾರ್ ಪಾರ್ಕ್ ಇತ್ತು. ಆದರೆ ಕಾರುಗಳಿಗೆ ತೊಂದರೆ ಆಗಬಾರದು, ಅಲ್ವಾ?