ಅರ್ಧ ಮನೆ ಬಾಡಿಗೆಗಿದೆ

ಎರಡನೇ ಮಹಾಯುದ್ಧದ ಹೊತ್ತಲ್ಲಿ ತೆಗೆದ ಹಾಸ್ಯ ಚಿತ್ರ ಅಂದ ಕೂಡಲೇ ತುಂಬಾ ಜನ ಮೂಗು ಮುರಿಯುತ್ತಾರೆ. ಅಲ್ಲಿ ಹುಡುಗರು ಸಾಯುತ್ತಿದ್ದಾಗ ಇಲ್ಲಿ ಕೂತು ನಗುತ್ತಿದ್ದರಾ ಅಂತ ಕೇಳುತ್ತಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಯಾಕೆ ಅಂತ ಹೇಳೋದಕ್ಕೆ ನನಗೆ ಒಂದೇ ಸಿನಿಮಾ ಸಾಕು. ಹಾಲಿವುಡ್ ನಿರ್ದೇಶಕ ಜಾರ್ಜ್ ಸ್ಟೀವನ್ಸ್ 1943ರಲ್ಲಿ ಮಾಡಿದ 'ದಿ ಮೋರ್ ದಿ ಮೆರಿಯರ್'. ಮೊನ್ನೆ ನಾಲ್ಕನೇ ಸಲ ನೋಡಿದೆ.

ಕತೆ ನಡೆಯುವುದು ವಾಷಿಂಗ್ಟನ್‌ನಲ್ಲಿ. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಟೈಪಿಂಗ್, ಫೈಲು, ಲೆಕ್ಕದ ಕೆಲಸಕ್ಕೆ ಸಾವಿರಾರು ಹುಡುಗಿಯರು ಆ ಊರಿಗೆ ಬಂದರು. ಕೆಲಸ ಇತ್ತು, ಇರೋಕೆ ಜಾಗ ಇರಲಿಲ್ಲ. ಒಬ್ಬರು ಡ್ಯೂಟಿಗೆ ಹೋದ ಮೇಲೆ ಅದೇ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗುವ ಪರಿಸ್ಥಿತಿ.

ಸಿನಿಮಾದ ಕಾನಿ (ಜೀನ್ ಆರ್ಥರ್) ದೇಶಕ್ಕೆ ನನ್ನ ಕೈಲಾದ ಸಹಾಯ ಅಂತ ತನ್ನ ಮನೆಯ ಅರ್ಧ ಬಾಡಿಗೆಗೆ ಕೊಡುತ್ತಾಳೆ. ಹೆಂಗಸೊಬ್ಬಳು ಬರಲಿ ಅಂತ ಅವಳ ಆಸೆ. ಬರುವುದು ಡಿಂಗಲ್ ಅನ್ನುವ ಮುದುಕ. ಬಾಗಿಲಲ್ಲಿ ಕಾದಿದ್ದವರಿಗೆಲ್ಲ ಮನೆ ಆಗಲೇ ಕೊಟ್ಟಾಯಿತು ಅಂತ ಹೇಳಿ ಕಳಿಸಿ ತಾನೇ ಒಳಗೆ ಸೇರಿಕೊಳ್ಳುತ್ತಾನೆ. ಅಷ್ಟಕ್ಕೇ ಮುಗಿಯಲಿಲ್ಲ. ಮಾರನೇ ದಿನ ತನ್ನ ಅರ್ಧದಲ್ಲಿ ಅರ್ಧವನ್ನು ಒಬ್ಬ ಸಾರ್ಜೆಂಟ್‌ಗೆ ಕೊಟ್ಟುಬಿಡುತ್ತಾನೆ. ಆ ಹುಡುಗ ವಿಮಾನದ ಪ್ರೊಪೆಲ್ಲರ್ ಹೊತ್ತುಕೊಂಡು ಬಂದು ನಿಲ್ಲುತ್ತಾನೆ. ಡಿಂಗಲ್ ಪಾತ್ರ ಮಾಡಿದ ಚಾರ್ಲ್ಸ್ ಕೋಬರ್ನ್‌ಗೆ ಪೋಷಕ ನಟನ ಆಸ್ಕರ್ ಬಂತು. ಬರಲೇಬೇಕಿತ್ತು.

ನನಗೆ ಜಾಸ್ತಿ ಇಷ್ಟವಾದದ್ದು ಕಾನಿಯ ಟೈಮ್‌ಟೇಬಲ್. ಬೆಳಗ್ಗೆ ಯಾರು ಎಷ್ಟು ಹೊತ್ತಿಗೆ ಬಾತ್‌ರೂಮಿಗೆ ಹೋಗಬೇಕು, ಕಾಫಿ ಯಾವಾಗ ಇಡಬೇಕು, ಎಲ್ಲವನ್ನೂ ನಿಮಿಷದ ಲೆಕ್ಕದಲ್ಲಿ ಬರೆದಿಟ್ಟಿದ್ದಾಳೆ. ಪಾಪ, ಡಿಂಗಲ್ ಎಷ್ಟು ಓಡಾಡಿದರೂ ಆ ಲೆಕ್ಕಕ್ಕೆ ಸಿಗುವುದಿಲ್ಲ. ನಾನು ಬೆಂಗಳೂರಿಗೆ ಬಂದ ಹೊಸದರಲ್ಲಿ ಪಿಜಿಯಲ್ಲಿ ತ್ರೀ ಶೇರಿಂಗ್‌ನಲ್ಲಿದ್ದೆ. ಬಾತ್‌ರೂಮಿನ ಬಾಗಿಲಿಗೆ ಟವೆಲ್ ನೇತುಹಾಕಿ ಪಾಳಿ ಹಿಡಿಯುತ್ತಿದ್ದೆವು. ಹಾಗಾಗಿ ಆ ದೃಶ್ಯದಲ್ಲಿ ಒಂದು ಕಣವೂ ಸುಳ್ಳಿಲ್ಲ ಅಂತ ನನಗೆ ಗೊತ್ತು.

ಆಮೇಲೆ ರಾತ್ರಿಯ ದೃಶ್ಯ. ಕಾನಿಯ ಮಂಚ ಗೋಡೆಯ ಈ ಕಡೆ, ಸಾರ್ಜೆಂಟ್‌ನ ಮಂಚ ಆ ಕಡೆ. ಇಬ್ಬರಿಗೂ ನಿದ್ದೆ ಇಲ್ಲ. ಅವನು ಯುದ್ಧಕ್ಕೆ ಹೊರಡುವವನು, ವಾಪಸ್ ಬರುವ ಖಾತ್ರಿ ಇಲ್ಲ. ಮಾತು ಪಿಸುಮಾತಾಗುತ್ತದೆ. ಅಷ್ಟು ಹೊತ್ತು ನಗಿಸಿದ ಅದೇ ತೆಳು ಗೋಡೆ ಈಗ ಗಂಟಲು ಕಟ್ಟಿಸುತ್ತದೆ.

ಮರುವರ್ಷ ಇದೇ ಊರು, ಇದೇ ರೂಮಿನ ಪರದಾಟ ಇಟ್ಟುಕೊಂಡು 'ಸ್ಟ್ಯಾಂಡಿಂಗ್ ರೂಮ್ ಓನ್ಲಿ', 'ದಿ ಡೋಗರ್ಲ್ಸ್' ಬಂದವು. ನನಗೆ ಅಷ್ಟಾಗಿ ಹಿಡಿಸಲಿಲ್ಲ. ಅವುಗಳಲ್ಲಿ ಜಾಗದ ಕೊರತೆ ಸುಮ್ನೆ ಗಲಾಟೆ ಎಬ್ಬಿಸೋಕೆ ಒಂದು ನೆಪ.

ಆಗಿನ ಅಮೆರಿಕ ಸರ್ಕಾರದ ಯುದ್ಧ ಮಾಹಿತಿ ಕಚೇರಿ ಹಾಲಿವುಡ್‌ಗೆ ಒಂದು ಕೈಪಿಡಿ ಕೊಟ್ಟಿತ್ತು. ಈ ಚಿತ್ರ ಯುದ್ಧ ಗೆಲ್ಲೋಕೆ ನೆರವಾಗುತ್ತಾ ಅಂತ ಅದರಲ್ಲಿ ಕೇಳಿದ್ದರು. ಸ್ಟೀವನ್ಸ್ ಸಿನಿಮಾದಲ್ಲಿ ಭಾಷಣ ಇಲ್ಲ, ಬಾವುಟ ಹಿಡಿದು ಹಾಡುವುದಿಲ್ಲ. ದಿನವಿಡೀ ಟೈಪ್ ಮಾಡಿ, ಬಸ್ಸಲ್ಲಿ ನಿಂತು ಬಂದ ಹುಡುಗಿಗೆ ನಿನ್ನ ಕಷ್ಟ ನಮಗೆ ಕಾಣಿಸುತ್ತಿದೆ ಕಣಮ್ಮ ಅಂತ ಹೇಳಿತಲ್ಲ, ಅದು ಸಣ್ಣ ನೆರವಾ?

ಈ ಸಿನಿಮಾ ಆದ ಮೇಲೆ ಸ್ಟೀವನ್ಸ್ ಸೈನ್ಯ ಸೇರಿದರು. ಫ್ರಾನ್ಸಿನ ನಾರ್ಮಂಡಿಯಲ್ಲಿ ಕ್ಯಾಮೆರಾ ಹಿಡಿದರು. 1945ರಲ್ಲಿ ನಾಜಿಗಳ ದಾಖೌ ಯಾತನಾ ಶಿಬಿರದಲ್ಲಿ ಹೆಣಗಳ ರಾಶಿಯನ್ನು ಚಿತ್ರೀಕರಿಸಿದರು. ವಾಪಸ್ ಬಂದ ಮೇಲೆ ಇಂಥ ಹಾಸ್ಯ ಚಿತ್ರ ಮಾಡಲೇ ಇಲ್ಲ. 1959ರಲ್ಲಿ ಯಹೂದಿ ಹುಡುಗಿ ಆನ್ ಫ್ರಾಂಕ್‌ಳ ದಿನಚರಿಯನ್ನು ಸಿನಿಮಾ ಮಾಡಿದರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಾಜಿಗಳ ಕೈಗೆ ಸಿಗದ ಹಾಗೆ ಇಕ್ಕಟ್ಟಾದ ಜಾಗದಲ್ಲಿ ಅಡಗಿ ಕೂತ ಎಂಟು ಜನ. ಅಲ್ಲೂ ಒಂದು ಟೈಮ್‌ಟೇಬಲ್ ಇದೆ. ಹಗಲು ಹೊತ್ತು ಯಾರೂ ನೀರು ಬಿಡುವ ಹಾಗಿಲ್ಲ, ಕೆಳಗೆ ಕೆಲಸ ಮಾಡುವವರಿಗೆ ಕೇಳಿಸುತ್ತದೆ.

ಎರಡನ್ನೂ ನೋಡಿ. ಮೊದಲು 1943ರದ್ದು ನೋಡಿ.